ದೀಪ ಆರಿತು, ಬ್ರೇಕ್ ಹಿಡಿಯಿತು

ಬ್ರೇಕ್ ಲೈಟ್ ಸ್ವಿಚ್ ರಿಪೇರಿ ಮಾಡಿಸಿದವರು ದೀಪವನ್ನಷ್ಟೇ ನೋಡಿ ಗ್ಯಾರೇಜಿನಿಂದ ಹೊರಡಬೇಡಿ. ಕಳೆದ ತಿಂಗಳು ಚಿತ್ರದುರ್ಗದಲ್ಲಿ ನಾನು ಹಾಗೆ ಹೊರಟೆ.

ಅಂದು ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ರಾತ್ರಿಯಿಡೀ ಹಿಂದಿನ ಕೆಂಪು ಬ್ರೇಕ್ ದೀಪಗಳು ಉರಿದು ಬ್ಯಾಟರಿ ಇಳಿದುಹೋಗಿತ್ತು. ಬ್ರೇಕ್ ಪೆಡಲ್ ಕೆಳಗಿನ ಮ್ಯಾಟ್ ಮೇಲೆ ಒಂದಿಷ್ಟು ಪ್ಲಾಸ್ಟಿಕ್ ಚೂರುಗಳಿದ್ದವು, ಕಸವೆಂದು ಕೊಡವಿಬಿಟ್ಟೆ. ಕಾರನ್ನು ತಳ್ಳಿಸಿ ಗ್ಯಾರೇಜಿಗೆ ಒಯ್ದರೆ, ಅಲ್ಲಿನ ಹುಡುಗ ಬ್ಯಾಟರಿ ಚಾರ್ಜ್ ಮಾಡಿ, ಪೆಡಲಿನ ಮೇಲಿರುವ ಸ್ವಿಚ್ಚನ್ನು ದೀಪ ಆರುವವರೆಗೂ ಒಳಕ್ಕೆ ತಿರುಗಿಸಿದ. "ಆಯಿತು ಸರ್, ಹೊರಡಿ" ಎಂದ.

ದಾವಣಗೆರೆಯತ್ತ ಹೆದ್ದಾರಿ ಹಿಡಿದೆವು. ಹಿಂದಿನ ಸೀಟಿನಲ್ಲಿ ಅಮ್ಮ ಮತ್ತು ಮಗಳು. ಕಾರು ಯಾಕೋ ಭಾರವೆನಿಸತೊಡಗಿತು. ಭರಮಸಾಗರದ ಹತ್ತಿರ ಸುಟ್ಟ ವಾಸನೆ. ಪೆಡಲ್ ಕಲ್ಲಿನಂತೆ ಗಟ್ಟಿ. ಬದಿಗೆ ನಿಲ್ಲಿಸಿ ಇಳಿದರೆ ಮುಂದಿನ ಚಕ್ರಗಳ ಕಾವು ಮುಖಕ್ಕೆ ಬಡಿಯಿತು. ಯಾರೋ ನೀರು ಹಿಡಿದು ಓಡಿಬಂದರು, ಬೇಡವೆಂದೆ. ಚಕ್ರದೊಳಗಿನ ಕಾದ ಬ್ರೇಕ್ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು, ಬಿರಿಯಲೂಬಹುದು.

ದಾವಣಗೆರೆಯಿಂದ ಪರಿಚಯದ ಮೆಕ್ಯಾನಿಕ್ ಒಬ್ಬರು ಬೈಕಿನಲ್ಲಿ ಬಂದರು. ಟಾರ್ಚ್ ಹಿಡಿದು ಪೆಡಲ್ ಕೆಳಗೆ ತಲೆ ತೂರಿಸಿದವರು, "ಇದರ ಸ್ಟಾಪರ್ ಎಲ್ಲಿ ಅಣ್ಣ?" ಎಂದು ಕೇಳಿದರು. ಪೆಡಲಿಗೆ ಕೂರುವ ಪುಟ್ಟ ಪ್ಲಾಸ್ಟಿಕ್ ಬಿಲ್ಲೆ ಅದು. ನಾನು ಕೊಡವಿದ ಚೂರುಗಳು ಅದರವೇ.

ಕಾಲು ತೆಗೆದಾಗ ಪೆಡಲ್ ಮೇಲೆ ಬಂದು, ಆ ಸ್ಟಾಪರ್ ಸ್ವಿಚ್ಚಿನ ಕಡ್ಡಿಯನ್ನು ಒತ್ತಿದರೆ ದೀಪ ಆರುತ್ತದೆ. ಸ್ಟಾಪರ್ ಪುಡಿಯಾದ್ದರಿಂದ ಕಡ್ಡಿ ಪೂರ್ತಿ ಒತ್ತಿಕೊಳ್ಳದೆ ದೀಪ ಉರಿಯುತ್ತಲೇ ಇತ್ತು. ಆ ಹುಡುಗ ಸ್ವಿಚ್ಚನ್ನು ಎಷ್ಟು ಮುಂದಕ್ಕೆ ತಂದಿದ್ದನೆಂದರೆ, ಸ್ವಿಚ್ಚೇ ಪೆಡಲನ್ನು ಕೆಳಕ್ಕೆ ತಳ್ಳುತ್ತಿತ್ತು. ಪೆಡಲ್ ಪೂರ್ತಿ ಮೇಲೆ ಬಾರದಿದ್ದರೆ ಬ್ರೇಕ್ ಆಯಿಲನ್ನು ಚಕ್ರಗಳತ್ತ ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿ ಆ ಆಯಿಲ್ ಹಿಂದಿರುಗುವ ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ. ಆಯಿಲ್ ಕಾದು ಹಿಗ್ಗುತ್ತದೆ, ಬ್ರೇಕ್ ಇನ್ನಷ್ಟು ಬಿಗಿಯುತ್ತದೆ, ಮತ್ತೆ ಕಾಯುತ್ತದೆ. ಹಿಂದೆ ಲಾರಿಗಳು ಬರುತ್ತಿರುವಾಗ ಚಕ್ರ ಕಚ್ಚಿಕೊಂಡಿದ್ದರೆ ಎಂದು ನೆನೆದರೆ ಈಗಲೂ ಎದೆ ನಡುಗುತ್ತದೆ.

ಅವರು ಲಾಕ್ ನಟ್ ಸಡಿಲಿಸಿ ಸ್ವಿಚ್ಚನ್ನು ಹಿಂದಕ್ಕೆ ತೆಗೆದೊಡನೆ ಪೆಡಲ್ ಟಕ್ಕೆಂದು ಮೇಲೆ ಬಂತು. ಹೊಸ ಸ್ಟಾಪರ್ ಕೂರಿಸಿದರು, ಸ್ವಿಚ್ಚನ್ನೂ ಬದಲಿಸಿದರು. ಸ್ಟಾಪರಿಗೂ ಸ್ವಿಚ್ಚಿನ ಮೈಗೂ ಕೂದಲೆಳೆಯ ಸಂದು ಬಿಟ್ಟು ನಟ್ ಬಿಗಿದರು. ಈ ಅಳತೆ ಕಾರಿನಿಂದ ಕಾರಿಗೆ ಬೇರೆ, ಕೈಪಿಡಿ ನೋಡಿಯೇ ಮಾಡಿಸಿ. ಸುಟ್ಟ ಪ್ಯಾಡುಗಳಿಗೂ ಬ್ರೇಕ್ ಆಯಿಲಿಗೂ ಬೇರೆ ಖರ್ಚಾಯಿತು.

ಸ್ವಿಚ್ ಮುಟ್ಟಿಸಿದ ಮೇಲೆ ಪೆಡಲನ್ನು ಕೈಯಿಂದ ಒತ್ತಿ ನೋಡಿ, ಮೊದಲಿಗೆ ಸ್ವಲ್ಪ ಸಡಿಲ ಸಿಗಬೇಕು. ಜಾಕ್ ಹಾಕಿಸಿ ಮುಂದಿನ ಚಕ್ರ ಸರಾಗವಾಗಿ ತಿರುಗುವುದನ್ನು ಕಣ್ಣಾರೆ ಕಂಡ ಮೇಲೆಯೇ ಹಣ ಕೊಡಿ.