ಸ್ಟಾರ್ ಕಾಣಿಸಲಿಲ್ಲ ಅಂತ ರಾ ಫೈಲ್ ಡಿಲೀಟ್ ಮಾಡಬೇಡಿ

ಒಂದು ಕಂಪ್ಯೂಟರ್‌ನಲ್ಲಿ ಫೋಟೋ ಆರಿಸಿ, ಇನ್ನೊಂದರಲ್ಲಿ ಎಡಿಟ್ ಮಾಡುವ ಅಭ್ಯಾಸ ನಿಮಗಿದೆಯಾ? ಅದರಲ್ಲೂ ಒಂದು ಲಿನಕ್ಸ್, ಇನ್ನೊಂದು ವಿಂಡೋಸ್ ಅಥವಾ ಮ್ಯಾಕ್ ಆಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಇಡೀ ದಿನದ ಶೂಟ್‌ನ ರಾ ಫೈಲ್‌ಗಳು (ಕ್ಯಾಮೆರಾ ಸಂಸ್ಕರಿಸದೆ ಕೊಡುವ ಮೂಲ ಫೋಟೋ ಫೈಲ್‌ಗಳು) ನಮ್ಮ ಕೈತಪ್ಪಿ ಹೋದವು. ಡಿಸ್ಕ್ ಕೆಟ್ಟಿರಲಿಲ್ಲ, ವೈರಸ್ ಬಂದಿರಲಿಲ್ಲ. ಎಲ್ಲ ಸಾಫ್ಟ್‌ವೇರ್‌ಗಳೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದ್ದವು. ಆದರೂ ಹೀಗಾಯಿತು.

ನಡೆದದ್ದು ಇಷ್ಟು. ಫೋಟೋಗಳೆಲ್ಲ ನೆಟ್‌ವರ್ಕ್ ಡಿಸ್ಕ್‌ನಲ್ಲಿದ್ದವು. ನಾನು ಲಿನಕ್ಸ್‌ನಲ್ಲಿ ಕೂತು ಒಂದೊಂದೇ ನೋಡಿ ಸ್ಟಾರ್ ಕೊಟ್ಟೆ. ಚೆನ್ನಾಗಿದ್ದಕ್ಕೆ ನಾಲ್ಕು, ಪರವಾಗಿಲ್ಲ ಅನ್ನಿಸಿದ್ದಕ್ಕೆ ಎರಡು, ಬೇಡದ್ದಕ್ಕೆ ಏನೂ ಇಲ್ಲ. ಜೊತೆಗೆ ಕೆಲಸ ಮಾಡುವ ಗೆಳೆಯ ಅದೇ ಫೋಲ್ಡರನ್ನು ವಿಂಡೋಸ್‌ನಲ್ಲಿ, ಬೇರೆ ಸಾಫ್ಟ್‌ವೇರ್‌ನಲ್ಲಿ ತೆರೆದ. ನಾವು ಮಾತಾಡಿಕೊಂಡಿದ್ದ ಹಾಗೆಯೇ ಸ್ಟಾರ್ ಇಲ್ಲದವನ್ನು ಫಿಲ್ಟರ್ ಮಾಡಿ ಡಿಸ್ಕ್‌ನಿಂದಲೇ ಅಳಿಸಿದ. ಆ ಸಾಫ್ಟ್‌ವೇರ್‌ಗೆ ನಾನು ಕೊಟ್ಟ ಸ್ಟಾರ್ ಒಂದೂ ಕಂಡಿರಲಿಲ್ಲ. ಫಿಲ್ಟರ್‌ನಲ್ಲಿ ಬಂದದ್ದು ಬೇಡದ ಫೋಟೋಗಳಲ್ಲ, ಎಲ್ಲ ಫೋಟೋಗಳೂ. ನೆಟ್‌ವರ್ಕ್ ಡ್ರೈವ್‌ನಿಂದ ಅಳಿಸಿದ್ದು ವಿಂಡೋಸ್‌ನ ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ. ನೇರವಾಗಿ ಮಾಯ.

ಯಾಕೆ ಕಾಣಲಿಲ್ಲ? ರಾ ಫೈಲ್‌ನ ಒಳಗೆ ಬರೆಯಲು ಹೆಚ್ಚಿನ ಸಾಫ್ಟ್‌ವೇರ್‌ಗಳು ಮುಂದಾಗುವುದಿಲ್ಲ. ಅದು ಒಳ್ಳೆಯದೇ. ಸ್ಟಾರ್, ಕೀವರ್ಡ್ ಎಲ್ಲವನ್ನೂ ಪಕ್ಕದಲ್ಲಿ ಎಕ್ಸ್‌ಎಂಪಿ ಎಂಬ ಪುಟ್ಟ ಸೈಡ್‌ಕಾರ್ ಫೈಲ್ ಮಾಡಿ ಅದರಲ್ಲಿ ಇಡುತ್ತವೆ. ತೊಂದರೆ ಇರುವುದು ಆ ಫೈಲ್‌ನ ಹೆಸರಿನಲ್ಲಿ. ಫೋಟೋ ‘ಡಿಎಸ್‌ಸಿ_0421.ಎನ್‌ಇಎಫ್’ ಅಂದುಕೊಳ್ಳಿ. ಅಡೋಬಿ ಸಾಫ್ಟ್‌ವೇರ್‌ಗಳು ‘ಡಿಎಸ್‌ಸಿ_0421.ಎಕ್ಸ್‌ಎಂಪಿ’ ಎಂಬ ಫೈಲ್ ಹುಡುಕುತ್ತವೆ. ಡಾರ್ಕ್‌ಟೇಬಲ್ ಎಂಬ ಉಚಿತ ಫೋಟೋ ಸಾಫ್ಟ್‌ವೇರ್ ಬರೆಯುವುದು ‘ಡಿಎಸ್‌ಸಿ_0421.ಎನ್‌ಇಎಫ್.ಎಕ್ಸ್‌ಎಂಪಿ’ ಅಂತ. ಇದಕ್ಕೂ ಕಾರಣವಿದೆ: ರಾ ಮತ್ತು ಜೆಪೆಗ್ ಎರಡನ್ನೂ ತೆಗೆದಾಗ ಯಾವುದರ ಸೈಡ್‌ಕಾರ್ ಯಾವುದು ಅಂತ ಗೊಂದಲ ಆಗುವುದಿಲ್ಲ. ಡಿಜಿಕ್ಯಾಮ್ ಎಂಬ ಇನ್ನೊಂದು ಸಾಫ್ಟ್‌ವೇರ್ ಕೂಡ ಸುಮಾರಾಗಿ ಹೀಗೆಯೇ ಬರೆಯುತ್ತದೆ, ಆದರೆ ಅದರ ಸೆಟ್ಟಿಂಗ್‌ನಲ್ಲಿ ಇನ್ನೊಂದು ಬಗೆಯ ಹೆಸರಿಗೆ ಬದಲಾಯಿಸಿಕೊಳ್ಳಬಹುದು. ರಾಥೆರಪಿ ತನ್ನ ಎಡಿಟ್‌ಗಳನ್ನು ಪಿಪಿ3 ಎಂಬ ಬೇರೆಯೇ ಫೈಲ್‌ನಲ್ಲಿ ಇಡುತ್ತದೆ.

ಅಡೋಬಿಯ ಲೈಟ್‌ರೂಮ್ ಕ್ಲಾಸಿಕ್ ಬಳಸುವವರಿಗೆ ಇದರ ಉಲ್ಟಾ ಅಪಾಯವಿದೆ. ನೀವು ಕೊಡುವ ಸ್ಟಾರ್ ಮೊದಲು ಸೇರುವುದು ಅದರ ಕ್ಯಾಟಲಾಗ್‌ಗೆ, ಅಂದರೆ ಅದು ಇಟ್ಟುಕೊಳ್ಳುವ ತನ್ನದೇ ಡೇಟಾಬೇಸ್‌ಗೆ. ಎಕ್ಸ್‌ಎಂಪಿಗೆ ತಾನಾಗಿಯೇ ಬರೆಯುವ ಆಯ್ಕೆಯನ್ನು ಸೆಟ್ಟಿಂಗ್‌ನಲ್ಲಿ ಆನ್ ಮಾಡಬೇಕು, ಇಲ್ಲವೇ ಫೋಟೋಗಳನ್ನು ಸೆಲೆಕ್ಟ್ ಮಾಡಿ ಕಂಟ್ರೋಲ್ ಎಸ್ ಒತ್ತಬೇಕು (ಮ್ಯಾಕ್‌ನಲ್ಲಿ ಕಮಾಂಡ್ ಎಸ್). ಇಲ್ಲದಿದ್ದರೆ ಫೋಲ್ಡರನ್ನು ಬೇರೆಯವರಿಗೆ ಕೊಟ್ಟಾಗ ನಿಮ್ಮ ಆಯ್ಕೆ ನಿಮ್ಮ ಕಂಪ್ಯೂಟರ್‌ನಲ್ಲೇ ಉಳಿಯುತ್ತದೆ.

ಬಣ್ಣದ ಲೇಬಲ್‌ಗಳನ್ನಂತೂ ನಂಬಲೇಬೇಡಿ. ಅಡೋಬಿಯಲ್ಲಿ ಅದು ಬರೀ ಒಂದು ಪದವಾಗಿ ಉಳಿಯುತ್ತದೆ. ಇನ್ನೊಬ್ಬರ ಲೇಬಲ್ ಪಟ್ಟಿಯಲ್ಲಿ ಆ ಪದ ಇಲ್ಲದಿದ್ದರೆ ಬಣ್ಣ ಬರುವುದಿಲ್ಲ. ಡಾರ್ಕ್‌ಟೇಬಲ್ ಬಣ್ಣಗಳನ್ನು ತನ್ನದೇ ರೀತಿಯಲ್ಲಿ ಬರೆದುಕೊಳ್ಳುತ್ತದೆ. ಮ್ಯಾಕ್‌ನ ಫೈಂಡರ್‌ನಲ್ಲಿ ಹಾಕುವ ಬಣ್ಣದ ಟ್ಯಾಗ್ ಇನ್ನೂ ನಾಜೂಕು. ಎಕ್ಸ್‌ಫ್ಯಾಟ್ (ವಿಂಡೋಸ್, ಮ್ಯಾಕ್ ಎರಡೂ ಓದುವ ಫಾರ್ಮ್ಯಾಟ್) ಡಿಸ್ಕ್‌ನಲ್ಲಿ ಆ ಟ್ಯಾಗ್‌ಗಳು ಚುಕ್ಕಿ ಮತ್ತು ಅಡಿಗೆರೆಯಿಂದ ಶುರುವಾಗುವ ಅಡಗಿದ ಫೈಲ್‌ಗಳಲ್ಲಿ ಕೂತಿರುತ್ತವೆ. ಅದೇ ಡಿಸ್ಕನ್ನು ವಿಂಡೋಸ್‌ಗೆ ಹಾಕಿದವರು, ಇದೇನಿದು ಕಸ ಅಂತ ಅವುಗಳನ್ನು ಅಳಿಸುತ್ತಾರೆ. ಅಲ್ಲಿಗೆ ಆಯ್ಕೆಯೂ ಹೋಯಿತು. ನನ್ನ ಕೇಳಿದರೆ ಎಲ್ಲ ಕಡೆ ದಾಟುವ ಗುರುತು ಸ್ಟಾರ್ ಒಂದೇ. ಅದೂ ಸೈಡ್‌ಕಾರ್ ಹೆಸರು ಹೊಂದಿದರೆ ಮಾತ್ರ.

ಹೆಸರುಗಳ ವಿಷಯದಲ್ಲಿ ಇನ್ನೊಂದು ಮಾತು. ಕ್ಯಾಮೆರಾದ ಎಣಿಕೆ 9999 ಆದ ಮೇಲೆ 0001ಕ್ಕೆ ವಾಪಸ್ ಬರುತ್ತದೆ. ಎರಡು ಕ್ಯಾಮೆರಾ ಇದ್ದರೆ ಒಂದೇ ಹೆಸರಿನ ಎರಡು ಫೋಟೋ ಸಿಗುವುದು ಸಾಮಾನ್ಯ. ಲಿನಕ್ಸ್‌ಗೆ ದೊಡ್ಡಕ್ಷರ, ಸಣ್ಣಕ್ಷರದ ಹೆಸರುಗಳು ಬೇರೆ ಬೇರೆ. ವಿಂಡೋಸ್‌ಗೆ ಮತ್ತು ಸಾಮಾನ್ಯವಾಗಿ ಮ್ಯಾಕ್‌ಗೆ ಎರಡೂ ಒಂದೇ, ಹಾಗಾಗಿ ನಕಲು ಮಾಡುವಾಗ ಒಂದರ ಮೇಲೊಂದು ಕೂರುವ ಸಾಧ್ಯತೆ ಇದೆ. ಗಂಟೆ ನಿಮಿಷದ ನಡುವೆ ಕೋಲನ್ ಹಾಕಿ ಹೆಸರಿಟ್ಟರೆ ವಿಂಡೋಸ್ ಒಪ್ಪುವುದಿಲ್ಲ. ಆದ್ದರಿಂದ ಮೆಮೊರಿ ಕಾರ್ಡ್‌ನಿಂದ ಇಳಿಸುವಾಗಲೇ, ಸ್ಟಾರ್ ಕೊಡುವುದಕ್ಕೂ ಮುಂಚೆ, ತೆಗೆದ ದಿನಾಂಕ, ಸಮಯ ಮತ್ತು ಕ್ಯಾಮೆರಾ ಗುರುತು ಸೇರಿಸಿ ಹೆಸರು ಬದಲಿಸಿಬಿಡಿ. ಆಮೇಲೆ ಫೈಲ್ ಮ್ಯಾನೇಜರ್‌ನಲ್ಲಿ ಹೆಸರು ಬದಲಿಸಿದರೆ ಸೈಡ್‌ಕಾರ್ ಹಳೇ ಹೆಸರಿನಲ್ಲೇ ಉಳಿದು ಅನಾಥವಾಗುತ್ತದೆ.

ಈಗ ನಾವು ಸ್ಟಾರ್ ನೋಡಿ ಅಳಿಸುವುದನ್ನು ಬಿಟ್ಟಿದ್ದೇವೆ. ಆರಿಸಿದವರೇ ಬೇಡದವನ್ನು ‘ಬೇಡ’ ಎಂಬ ಫೋಲ್ಡರ್‌ಗೆ, ಸೈಡ್‌ಕಾರ್ ಸಮೇತ ಸರಿಸುತ್ತಾರೆ. ಒರಟು ದಾರಿ ಅನ್ನಿಸಬಹುದು. ಆದರೆ ಫೋಲ್ಡರ್ ಅನ್ನೋದು ಎಲ್ಲ ಆಪರೇಟಿಂಗ್ ಸಿಸ್ಟಮ್‌ಗೂ ಗೊತ್ತು. ಸ್ಟಾರ್‌ಗಳನ್ನೂ ದಾಟಿಸಬೇಕು ಅಂದಾಗ ಎಕ್ಸಿಫ್‌ಟೂಲ್ ಎಂಬ ಉಚಿತ ಸಾಫ್ಟ್‌ವೇರ್‌ನಿಂದ ರೇಟಿಂಗ್ (ಸ್ಟಾರ್ ಸಂಖ್ಯೆ) ಒಂದನ್ನೇ ಇನ್ನೊಂದು ಹೆಸರಿನ ಸೈಡ್‌ಕಾರ್‌ಗೆ ನಕಲು ಮಾಡುತ್ತೇವೆ. ಆಮೇಲೆ ಎರಡೂ ಕಡೆ ನಾಲ್ಕು ಸ್ಟಾರ್‌ನವು ಎಷ್ಟಿವೆ ಅಂತ ಎಣಿಸಿ ನೋಡುತ್ತೇವೆ. ಲೆಕ್ಕ ತಾಳೆಯಾಗುವವರೆಗೆ ಯಾರೂ ಏನನ್ನೂ ಅಳಿಸುವಂತಿಲ್ಲ, ಕಾರ್ಡ್ ಫಾರ್ಮ್ಯಾಟ್ ಮಾಡುವಂತಿಲ್ಲ.

ಈಗಾಗಲೇ ಹೀಗೆ ಆಗಿಬಿಟ್ಟಿದ್ದರೆ ಮೊದಲು ಕಾರ್ಡ್‌ಗಳನ್ನು ಕ್ಯಾಮೆರಾದಿಂದ ತೆಗೆದು ಪಕ್ಕಕ್ಕಿಡಿ. ಒಂದು ಫೋಟೋ ಕೂಡ ತೆಗೆಯಬೇಡಿ. ಫೋಟೋರೆಕ್ ಎಂಬ ಉಚಿತ ಸಾಫ್ಟ್‌ವೇರ್ ಫಾರ್ಮ್ಯಾಟ್ ಆದ ಕಾರ್ಡ್‌ನಿಂದಲೂ ಎಷ್ಟೋ ಸಲ ರಾ ಫೈಲ್‌ಗಳನ್ನು ಎತ್ತಿಕೊಡುತ್ತದೆ. ಸಿಕ್ಕಿದ್ದನ್ನು ಅದೇ ಕಾರ್ಡ್‌ಗೆ ಸೇವ್ ಮಾಡಬೇಡಿ, ಬೇರೆ ಡಿಸ್ಕ್‌ಗೆ ಮಾಡಿ. ಹಳೆಯ ಹೆಸರುಗಳು ಮಾತ್ರ ಸಿಗುವುದಿಲ್ಲ. ಅಲ್ಲಿ ನಮ್ಮ ಕೈಹಿಡಿದದ್ದು ಫೋಲ್ಡರ್‌ನಲ್ಲಿ ಉಳಿದಿದ್ದ ಸೈಡ್‌ಕಾರ್‌ಗಳೇ. ಫೋಟೋಗಳು ಹೋಗಿದ್ದರೂ ನಾನು ಕೊಟ್ಟ ಸ್ಟಾರ್‌ಗಳೆಲ್ಲ ಅಲ್ಲೇ ಇದ್ದವು. ಒಂದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ರೇಟಿಂಗ್ 4 ಅಂತ ಸ್ಪಷ್ಟವಾಗಿ ಬರೆದಿತ್ತು. ಫೋಟೋ ತೆಗೆದ ಸಮಯವೂ, ಮೂಲ ಫೈಲ್‌ನ ಹೆಸರೂ ಅದರಲ್ಲೇ ಇತ್ತು. ಆ ಸಮಯವನ್ನು ಸಿಕ್ಕ ಫೋಟೋಗಳ ಸಮಯದ ಜೊತೆ ಹೋಲಿಸಿ ಹೆಸರು, ಸ್ಟಾರ್ ಎರಡನ್ನೂ ವಾಪಸ್ ಕೂರಿಸಿದೆವು. ಅಷ್ಟರಲ್ಲಿ ಒಂದು ಕಾರ್ಡ್‌ನಲ್ಲಿ ಹೊಸ ಶೂಟ್ ಆಗಿಹೋಗಿತ್ತು. ಅದರಲ್ಲಿದ್ದವು ಸಿಗಲೇ ಇಲ್ಲ. ಹಾಗಾಗಿ ಫೋಟೋ ಇಲ್ಲದ ಎಕ್ಸ್‌ಎಂಪಿ ಫೈಲ್‌ಗಳು ಕಂಡರೆ, ಏನು ಕಳೆದಿದೆ ಅಂತ ಗೊತ್ತಾಗುವವರೆಗೆ ಅವುಗಳನ್ನು ಮುಟ್ಟಬೇಡಿ.