ಒಂದು ವರ್ಷ ಬಳಸಿದ ಎಚ್‌ಆರ್ ತಂತ್ರಾಂಶ: ರಜೆಯ ಲೆಕ್ಕಕ್ಕೆ ಸೈ, ಅಪ್ರೈಸಲ್‌ಗೆ ಅಲ್ಲ

ಹಾಜರಾತಿ, ರಜೆ, ಗುರಿ ನಿಗದಿ ಮತ್ತು ನೌಕರರ ಕೆಲಸವನ್ನು ಅಳೆಯುವ ವಾರ್ಷಿಕ ಅಪ್ರೈಸಲ್‌ಗಳನ್ನು ಒಂದೇ ಕಡೆ ನಿರ್ವಹಿಸುವ ಎಚ್‌ಆರ್ ತಂತ್ರಾಂಶವೊಂದಕ್ಕೆ ನಮ್ಮ ಸಂಸ್ಥೆ ಕಳೆದ ವರ್ಷ ಚಂದಾ ಕಟ್ಟಿತು. 11 ಜನರ ತಂಡವನ್ನು ನೋಡಿಕೊಳ್ಳುವ ನಾನು ಅಂದಿನಿಂದ ಅದನ್ನು ದಿನವೂ ಬಳಸುತ್ತಿದ್ದೇನೆ. ಇದರಿಂದ ನೌಕರರ ಉತ್ಪಾದಕತೆ ಹೆಚ್ಚುತ್ತದೆ ಎಂಬುದು ಮಾರಲು ಬಂದವರ ಭರವಸೆಯಾಗಿತ್ತಾದ್ದರಿಂದ, ಆ ಮಾತನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ.

ರಜೆ ಮತ್ತು ಹಾಜರಾತಿಯ ಭಾಗದ ಬಗ್ಗೆ ದೂರಿಲ್ಲ. ಅರ್ಜಿ ಹಾಕುವುದೂ ಮಂಜೂರು ಮಾಡುವುದೂ ಫೋನಿನಲ್ಲೇ ಮುಗಿಯುತ್ತದೆ. ಬಾಕಿ ರಜೆ ಎಷ್ಟಿದೆ ಎಂದು ಕೇಳಲು ಯಾರೂ ಎಚ್‌ಆರ್ ವಿಭಾಗಕ್ಕೆ ಅಲೆಯಬೇಕಾಗಿಲ್ಲ.

ತೊಡಕಿರುವುದು ಅಪ್ರೈಸಲ್‌ನಲ್ಲಿ. ರೇಟಿಂಗ್‌ಗಳು ಬೆಲ್ ಕರ್ವ್‌ಗೆ (ಕೆಲವರು ಮೇಲೆ, ಹೆಚ್ಚಿನವರು ನಡುವೆ, ಕೆಲವರು ಕೆಳಗೆ ಎಂಬ ಹಂಚಿಕೆಗೆ) ಹೊಂದಲೇಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಕೂರಿಸಲಾಗಿದ್ದು, ತಂಡದ ಒಬ್ಬರನ್ನಾದರೂ ಕೊನೆಯ ದರ್ಜೆಗೆ ತಳ್ಳದಿದ್ದರೆ 'ಹಂಚಿಕೆ ಸರಿಯಾಗಿಲ್ಲ' ಎಂಬ ಕೆಂಪು ಪಟ್ಟಿ ಮೂಡಿ ಫಾರಂ ಸಲ್ಲಿಕೆಯಾಗುವುದೇ ಇಲ್ಲ. ಸಂದರ್ಶನ ಮಾಡಿ ಆರಿಸಿಕೊಂಡ ಹನ್ನೊಂದು ಜನರಲ್ಲಿ ಸಂಖ್ಯಾಶಾಸ್ತ್ರದ ಗಂಟೆಯಾಕಾರವನ್ನು ಹುಡುಕುವುದೇ ಅಸಂಗತ, ಆದರೂ ನಾನು ಎರಡು ಸಂಜೆ ಅದರೊಂದಿಗೆ ಗುದ್ದಾಡಿ, ಕೊನೆಗೆ ತಂಡಕ್ಕೆ ತೀರಾ ಇತ್ತೀಚೆಗೆ ಸೇರಿದವರ ಹೆಸರನ್ನು ಅಲ್ಲಿಗೆ ಇಳಿಸಿದೆ. ಅವರು ಮಾಡಿದ ತಪ್ಪೇನೂ ಇರಲಿಲ್ಲ. ಪರಿಣಾಮ ಕಂಡದ್ದು ಮುಂದಿನ ತಿಂಗಳು: ಹೊಸಬರ ಪಕ್ಕದಲ್ಲಿ ಕುಳಿತು ಕೆಲಸ ಹೇಳಿಕೊಡುತ್ತಿದ್ದ ಹಿರಿಯರೊಬ್ಬರು ಸದ್ದಿಲ್ಲದೆ ಅದನ್ನು ನಿಲ್ಲಿಸಿದರು. ಪಕ್ಕದವರು ಮೇಲೇರಿದರೆ ತಾವು ಕೆಳಗಿಳಿಯಬೇಕಾದ ಲೆಕ್ಕದಲ್ಲಿ ಅವರನ್ನು ದೂಷಿಸುವುದು ಕಷ್ಟ.

ನೌಕರರನ್ನು ಮೇಲಿನ 20, ನಡುವಿನ 70 ಮತ್ತು ಕೊನೆಯ 10 ಶೇಕಡಾ ಎಂದು ವಿಂಗಡಿಸುವ ಪದ್ಧತಿಗೆ ಹೆಸರು ತಂದುಕೊಟ್ಟದ್ದು ಜ್ಯಾಕ್ ವೆಲ್ಚ್ ಮುಖ್ಯಸ್ಥರಾಗಿದ್ದ ಕಾಲದ ಅಮೆರಿಕದ ಕಂಪನಿ ಜನರಲ್ ಎಲೆಕ್ಟ್ರಿಕ್. ಅಡೋಬಿ 2012ರಲ್ಲಿ ವಾರ್ಷಿಕ ಅಪ್ರೈಸಲ್ಲನ್ನೇ ಕೈಬಿಟ್ಟಿತು. ಮೈಕ್ರೋಸಾಫ್ಟ್ 2013ರಲ್ಲಿ ಇಂಥ ಕಡ್ಡಾಯ ಶ್ರೇಣೀಕರಣವನ್ನು ನಿಲ್ಲಿಸಿತು. ಹಾಗಿರುವಾಗ ಈ ತಂತ್ರಾಂಶ ಅದನ್ನೇ ಮೂಲ ವ್ಯವಸ್ಥೆಯಾಗಿ ಏಕೆ ಇಟ್ಟುಕೊಂಡಿದೆಯೋ ತಿಳಿಯದು. ಸಹಾಯವಾಣಿಗೆ ಬರೆದಾಗ, ನಿರ್ಬಂಧವನ್ನು ತೆಗೆಯುವ ಸೌಲಭ್ಯ ದುಬಾರಿ ಪ್ಲ್ಯಾನ್‌ನಲ್ಲಿ ಮಾತ್ರ ಇದೆ ಎಂಬ ಉತ್ತರ ಬಂತು.

ಗುರಿ ನಿಗದಿಯ ಪುಟ ಸಾಧಾರಣ. ನಿರ್ದಿಷ್ಟವಾದ, ತುಸು ಕಠಿಣವಾದ ಗುರಿ 'ಆದಷ್ಟು ಮಾಡಿ' ಎಂಬ ಮಾತಿಗಿಂತ ಹೆಚ್ಚು ಕೆಲಸ ಮಾಡಿಸುತ್ತದೆ ಎಂದು ಮನೋವಿಜ್ಞಾನಿಗಳಾದ ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ತೋರಿಸಿದ್ದಾರೆ. ಆದರೆ ಆ ಗುರಿಯನ್ನು ನೌಕರ ತನ್ನದೆಂದು ಒಪ್ಪಿಕೊಂಡಿರಬೇಕು. ಇಲ್ಲಿ ಮೇಲಿನಿಂದ ಇಳಿದು ಬಂದ ಗುರಿಯ ಕೆಳಗೆ 'ಸಮ್ಮತಿ' ಎಂಬ ಒಂದೇ ಗುಂಡಿ ಇದೆ. ಸಹೋದ್ಯೋಗಿಗಳಿಗೆ ನಕ್ಷತ್ರ ಕೊಡುವ ಫೀಡ್‌ಬ್ಯಾಕ್ ಸೌಲಭ್ಯವನ್ನಂತೂ ನಾನು ಮುಚ್ಚಿಸಿದೆ. ಫೀಡ್‌ಬ್ಯಾಕ್ ಕುರಿತ ಅಧ್ಯಯನಗಳನ್ನು ಸಂಶೋಧಕರಾದ ಕ್ಲೂಗರ್ ಮತ್ತು ಡಿನಿಸಿ 1996ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಪ್ರಕರಣಗಳಲ್ಲಿ ಅದರಿಂದ ಕಾರ್ಯಕ್ಷಮತೆ ಕುಸಿದಿತ್ತು. ಗಮನ ಕೆಲಸದಿಂದ ಜಾರಿ ವ್ಯಕ್ತಿಯ ಮೇಲೆ ಬಿದ್ದಷ್ಟೂ ಫಲ ಕಡಿಮೆ ಎಂಬುದು ಅವರ ವಿವರಣೆ.

ಕೊಟ್ಟ ಹಣಕ್ಕೆ ನ್ಯಾಯ ಒದಗಿಸಿದ್ದು, ಮಾರಾಟಗಾರರು ಹೆಸರನ್ನೂ ಎತ್ತದಿದ್ದ, ಹದಿನೈದು ದಿನಕ್ಕೊಮ್ಮೆ ತುಂಬುವ ಮೂರು ಸಾಲಿನ ಪುಟ: ಏನು ಮುಗಿಯಿತು, ಏನು ನಿಂತಿದೆ, ನನ್ನಿಂದ ಏನು ಬೇಕು. ನಮ್ಮ ತಂಡದವರೊಬ್ಬರು ಸತತ ಮೂರು ಬಾರಿ ಎರಡನೇ ಸಾಲಿನಲ್ಲಿ 'ಸಹಿಗಾಗಿ ಕಾಯುತ್ತಿದ್ದೇನೆ' ಎಂದೇ ಬರೆದಿದ್ದರು. ವಿಚಾರಿಸಿದರೆ, ಯಾರಿಗೂ ಬೇಡವಾಗಿದ್ದ ಹಳೆಯ ಸಹಿಯೊಂದಕ್ಕಾಗಿ ಪ್ರತಿ ವರದಿಯೂ ನಾಲ್ಕು ದಿನ ಮೇಜಿನ ಮೇಲೆ ಬಿದ್ದಿರುತ್ತಿತ್ತು. ಆ ಸಹಿಯನ್ನು ತೆಗೆದುಹಾಕಿದ ಮೇಲೆ ವರದಿಗಳು ಮರುದಿನವೇ ಹೊರಡತೊಡಗಿದವು. (ಈ ಪುಟದ ಕೆಲಸವನ್ನು ಒಂದು ನೋಟ್‌ಬುಕ್ಕೂ ಮಾಡಬಲ್ಲದು, ನಿಜ, ಆದರೆ ನೋಟ್‌ಬುಕ್ ನೆನಪೋಲೆ ಕಳಿಸುವುದಿಲ್ಲ.)

ಐದಕ್ಕೆ ಮೂರು ಅಂಕ. ಕೊಳ್ಳಲು ಯೋಚಿಸುವವರು ಪ್ರಾಯೋಗಿಕ ಅವಧಿಯಲ್ಲೇ ತಂಡದ ಎಲ್ಲರಿಗೂ ಒಂದೇ ರೇಟಿಂಗ್ ಹಾಕಿ ಅಪ್ರೈಸಲ್ ಫಾರಂ ಸಲ್ಲಿಸಿ ನೋಡಲಿ. ಕೆಂಪು ಪಟ್ಟಿ ಬಂದರೆ, ಅದನ್ನು ತೆಗೆಯಲು ಯಾವ ಪ್ಲ್ಯಾನ್ ಬೇಕೆಂಬುದನ್ನು ಲಿಖಿತವಾಗಿ ಪಡೆಯಲಿ.