ಸಮುದ್ರದ ಬದಿಯ ಗೇಟು, ಗ್ರಿಲ್ಲು, ರೇಲಿಂಗ್: ರೆಡ್ ಆಕ್ಸೈಡಾ, ಎಪಾಕ್ಸಿಯಾ, ಜಿಂಕಾ?

ನಮ್ಮ ಮನೆ ಮರವಂತೆ ಕಡೆ, ಹೈವೇ ದಾಟಿದ್ರೆ ಸಮುದ್ರವೇ. ಇಲ್ಲಿ ಹೊಸ ಗೇಟು ಹಾಕಿಸಿದವ್ರಿಗೆಲ್ಲ ಒಂದು ಮಳೆಗಾಲ ಕಳೆದ ಮೇಲೆ ಬರುವ ಡೌಟು ಒಂದೇ, ಎಂತ ಹೊಡೆದ್ರೆ ತುಕ್ಕು ನಿಲ್ತದೆ ಅಂತ. ಪೇಂಟ್ ಅಂಗಡಿಯವ್ರು ರೆಡ್ ಆಕ್ಸೈಡ್ ಎರಡು ಕೋಟ್ ಸಾಕು ಅಂತಾರೆ, ವೆಲ್ಡಿಂಗ್ ಶಾಪಿನವ್ರು ಜಿಐ (ಜಿಂಕ್ ಲೇಪಿಸಿದ) ಪೈಪ್ ಹಾಕಿ ಸಾರ್ ಟೆನ್ಷನ್ ಇಲ್ಲ ಅಂತಾರೆ, ಮಲ್ಪೆಯಲ್ಲಿ ಬೋಟಿಗೆ ಪೇಂಟ್ ಹೊಡೆಯುವವ್ರು ಎಪಾಕ್ಸಿ ಬಿಟ್ಟು ಬೇರೆ ಮಾತೇ ಆಡುದಿಲ್ಲ. ಎಲ್ಲರದ್ದೂ ಕೇಳಿ ತಲೆ ಕೆಟ್ಟು, ಮನೆಯ ಒಂದೊಂದು ಕಬ್ಬಿಣಕ್ಕೆ ಒಂದೊಂದು ಮಾಡಿಸಿ ನೋಡುವ ಅಂತ ಹೊರಟದ್ದು. ಮುಂದಿನ ಗೇಟಿನ ಎಡ ಬಾಗಿಲಿಗೆ ರೆಡ್ ಆಕ್ಸೈಡ್ ಮತ್ತೆ ಎನಾಮಲ್, ಬಲ ಬಾಗಿಲಿಗೆ ಎಪಾಕ್ಸಿ ಮತ್ತೆ ಪಿಯು (ಪಾಲಿಯುರೆಥೇನ್ ಪೇಂಟ್), ಕಿಟಕಿ ಗ್ರಿಲ್ಲಿಗೆ ರಸ್ಟ್ ಕನ್ವರ್ಟರ್, ಟೆರೇಸ್ ರೇಲಿಂಗ್ ಜಿಂಕಿಗೆ ಅದ್ದಿಸಿದ್ದು. ಬಾವಿ ರಾಟೆಯ ಕಂಬಕ್ಕೆ ವೇಸ್ಟ್ ಆಯಿಲ್, ಅದು ಅಪ್ಪನ ಪದ್ಧತಿ, ಬಿಡ್ಲಿಕ್ಕೆ ಒಪ್ಲಿಲ್ಲ.

ಹೋಲಿಕೆಗೆ ಮುಂಚೆ ಒಂದು ವಿಷಯ ಹೇಳ್ಲೇಬೇಕು. ನಮ್ಮಲ್ಲಿ ಕಬ್ಬಿಣ ತಿನ್ನುದು ಮಳೆ ಅಂತ ಎಲ್ಲರೂ ತಿಳ್ಕೊಂಡಿದ್ದಾರೆ, ಹಾಗಲ್ಲ, ಮುಖ್ಯ ಕಳ್ಳ ಉಪ್ಪು. ಗಾಳಿಯಲ್ಲಿ ತೇವಾಂಶ ಸುಮಾರು 75 ಪರ್ಸೆಂಟ್ ದಾಟಿದ್ರೆ ಉಪ್ಪು ತಾನೇ ನೀರು ಎಳ್ಕೊಂಡು ಕರಗ್ತದೆ, ಕರಾವಳಿಯಲ್ಲಿ ರಾತ್ರಿ ಹೊತ್ತು ಅಷ್ಟು ತೇವ ವರ್ಷದ ಹೆಚ್ಚಿನ ಭಾಗ ಇದ್ದದ್ದೇ. ಅಂದ್ರೆ ಮಳೆ ಬರದಿದ್ರೂ ಕಬ್ಬಿಣದ ಮೇಲೆ ತೆಳ್ಳಗೆ ಉಪ್ಪುನೀರು ಕೂತೇ ಇರ್ತದೆ. ಇದ್ರ ಮಜಾ ನೋಡಿ, ಮಳೆಗೆ ಪೂರ್ತಿ ನೆನೆಯುವ ಗೇಟಿನ ಮೇಲ್ಭಾಗ ಚೆನ್ನಾಗೇ ಇರ್ತದೆ, ಆದ್ರೆ ಮಾಡಿನ ಅಡಿಗೆ ಮಳೆ ಹನಿ ತಾಗದ ಪಡುಬದಿಯ ಕಿಟಕಿ ಗ್ರಿಲ್ಲು ಮೊದ್ಲು ಕೊಳೆಯುದು. ಯಾಕಂದ್ರೆ ಗೇಟಿನ ಉಪ್ಪನ್ನು ಮಳೆಯೇ ತೊಳೀತದೆ, ಗ್ರಿಲ್ಲಿನ ಉಪ್ಪನ್ನು ಯಾರೂ ತೊಳೆಯುದಿಲ್ಲ. ಹಾಗಾಗಿ "ನಮ್ಮ ಮನೆಯಲ್ಲಿ ಈ ಪೇಂಟ್ ಹತ್ತು ವರ್ಷ ಬಂತು" ಅಂತ ಯಾರಾದ್ರೂ ಹೇಳಿದ್ರೆ ಯಾವ ಬದಿ, ಮಳೆ ತಾಗ್ತದಾ ಇಲ್ವಾ ಅಂತ ಕೇಳಿ. ಒಂದೇ ಗೇಟಿನ ಎರಡು ಬಾಗಿಲಿಗೆ ಬೇರೆ ಬೇರೆ ಹೊಡೆಸಿದ್ದು ಇದಕ್ಕೇ, ಗಾಳಿ ಬಿಸಿಲು ಉಪ್ಪು ಎಲ್ಲ ಎರಡಕ್ಕೂ ಸಮ. ಶೇಡ್ ಮಾತ್ರ ಸ್ವಲ್ಪ ಬೇರೆ ಬಂತು, ಬಂದವ್ರೆಲ್ಲ ಕೇಳ್ತಾರೆ, ಕೇಳ್ಲಿ.

ಎರಡೂ ಬಾಗಿಲಿಗೆ ತಯಾರಿ ಒಂದೇ ರೀತಿ ಮಾಡಿಸಿದ್ದು. ಗ್ರೈಂಡರಿಗೆ ವೈರ್ ಕಪ್ ಹಾಕಿ ತುಕ್ಕು ತೆಗೆದು, ಸಂದಿಗೆಲ್ಲ ಎಮರಿ, ಆಮೇಲೆ ಸಿಹಿ ನೀರಲ್ಲಿ ಚೆನ್ನಾಗಿ ತೊಳೆದು, ಬಿಸಿಲಿಗೆ ಒಣಗಿಸಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ ಅದೇ ದಿನ ಪ್ರೈಮರ್. ಸಿಹಿ ನೀರು ಅಂತ ಒತ್ತಿ ಹೇಳಿದ್ದು ಯಾಕಂದ್ರೆ ಸಮುದ್ರದ ಬದಿ ಎಷ್ಟೋ ಬಾವಿ ಬೇಸಗೆಯಲ್ಲಿ ಉಪ್ಪಾಗ್ತದೆ, ಆ ನೀರಲ್ಲಿ ತೊಳೆದ್ರೆ ಉಪ್ಪು ಸವರಿದ ಹಾಗೇ ಆಯ್ತು. ತೊಳೆಯದೆ ಪೇಂಟ್ ಹೊಡೆದ್ರೆ ಒಳಗೆ ಉಳಿದ ಉಪ್ಪು ಪೇಂಟಿನ ಮೂಲಕವೇ ನೀರು ಎಳೆದು ಗುಳ್ಳೆ ಎಬ್ಬಿಸ್ತದೆ, ಆಮೇಲೆ ಡಬ್ಬಿ ಯಾವ ಕಂಪೆನಿದಾದ್ರೆ ಎಂತ.

ಈಗ ಎಡ ಬಾಗಿಲು. ರೆಡ್ ಆಕ್ಸೈಡಿನ ಒಳ್ಳೆ ಗುಣ ಎಲ್ಲರಿಗೂ ಗೊತ್ತು, ಅಗ್ಗ, ಊರಿನ ಯಾವ ಅಂಗಡಿಯಲ್ಲೂ ಸಿಗ್ತದೆ, ಡಬ್ಬಿ ಮುಚ್ಚಳ ತೆಗೆದು ಹೊಡೆದ್ರೆ ಆಯ್ತು, ಉಳಿದದ್ದು ಮುಚ್ಚಿಟ್ರೆ ಮುಂದಿನ ವರ್ಷಕ್ಕೂ ಬರ್ತದೆ. ಆದ್ರೆ ಅದ್ರೊಳಗಿನ ಕೆಂಪು ಪುಡಿ ಕಬ್ಬಿಣದ ಆಕ್ಸೈಡೇ, ಅದು ತುಕ್ಕನ್ನು ತಾನಾಗಿ ತಡೆಯುದಿಲ್ಲ, ಬರೀ ಅಡ್ಡ ನಿಲ್ತದೆ. ಅದ್ರಲ್ಲೂ ಒಂದು ಕೋಟ್ ಒಣಗಿದ ಮೇಲೆ ನಿಲ್ಲುದು 25-30 ಮೈಕ್ರಾನ್ (ಸಾವಿರ ಮೈಕ್ರಾನ್ ಸೇರಿದ್ರೆ ಒಂದು ಮಿಲಿಮೀಟರ್), ಚೂಪು ಅಂಚಲ್ಲಿ ಅದೂ ನಿಲ್ಲುದಿಲ್ಲ, ಒಣಗುವಾಗ ಪೇಂಟ್ ಅಂಚಿಂದ ಹಿಂದೆ ಸರೀತದೆ. ಎಡ ಬಾಗಿಲಲ್ಲಿ ಸರಿಯಾಗಿ ಹಾಗೇ ಆಯ್ತು, ನಡುವಿನ ಶೀಟು ಎಂತ ಆಗ್ಲಿಲ್ಲ, ಮೊದಲ ಮಳೆಗಾಲ ಮುಗಿಯುವಾಗ ಫ್ಲ್ಯಾಟ್ ಪಟ್ಟಿಯ ಅಂಚು, ವೆಲ್ಡಿಂಗ್ ಗಂಟು, ಕೆಳಗಿನ ಅಡ್ಡಪಟ್ಟಿಯ ಅಡಿ, ಈ ಮೂರು ಕಡೆ ಕಂದು ಗೆರೆ ಕಂಡಿತು. ಎರಡನೇ ಮಳೆಗಾಲಕ್ಕೆ ಆ ಗೆರೆಯ ಪಕ್ಕದ ಪೇಂಟ್ ಉಗುರಲ್ಲಿ ಎಬ್ಬಿಸಿದ್ರೆ ಬರ್ತಿತ್ತು. ಹಾಗಂತ ಇದು ಪ್ರಯೋಜನ ಇಲ್ಲ ಅಂತ ಹೇಳುದಿಲ್ಲ, ಪ್ರತಿ ವರ್ಷ ಮಾರ್ಚ್-ಏಪ್ರಿಲಲ್ಲಿ ಟಚ್‌ಅಪ್ ಮಾಡುವ ಪುರುಸೊತ್ತು ನಿಮಗಿದ್ರೆ, ಕೈಗೆ ಎಟಕುವ ಜಾಗ ಆದ್ರೆ, ಇದೇ ಸಾಕು. ಬೆಂಗಳೂರು ಹುಬ್ಬಳ್ಳಿ ಕಡೆಯವ್ರಿಗೆ ಇದಕ್ಕಿಂತ ಜಾಸ್ತಿ ಬೇಕು ಅಂತಾನೇ ಇಲ್ಲ ಮಾರಾಯ್ರೆ, ನಿಮ್ಮಲ್ಲಿ ಉಪ್ಪೇ ಇಲ್ಲ.

ಬಲ ಬಾಗಿಲಿನ ಎಪಾಕ್ಸಿ ಬೇರೆಯೇ ಜಾತಿ. ಎರಡು ಡಬ್ಬಿ, ಬೇಸ್ ಮತ್ತೆ ಹಾರ್ಡ್‌ನರ್, ಡಬ್ಬಿಯಲ್ಲಿ ಬರೆದ ಅಳತೆಗೇ ಬೆರೆಸ್ಬೇಕು, ಬೆರೆಸಿ ಕೆಲವು ಗಂಟೆಯೊಳಗೆ ಮುಗಿಸ್ಬೇಕು, ನಮ್ಮ ಏಪ್ರಿಲ್ ಸೆಕೆಗೆ ಅದು ಇನ್ನೂ ಬೇಗ ಗಟ್ಟಿ ಆಗ್ತದೆ. ಪೇಂಟರ್ ಚಾ ಕುಡಿದು ಬರ್ತೇನೆ ಅಂತ ಹೋದ್ರೆ ಬ್ರಷ್ ಸಮೇತ ಎಸೀಬೇಕಾದೀತು. ಮೊದ್ಲು ಅಂಚಿಗೆ, ವೆಲ್ಡಿಂಗಿಗೆ, ಬೋಲ್ಟಿನ ಸುತ್ತ ಮಾತ್ರ ಬ್ರಷಲ್ಲಿ ಒಂದು ಕೈ, ಆಮೇಲೆ ಪೂರ್ತಿ, ಹೀಗೆ ಮಾಡಿ ಅಂತ ಮಲ್ಪೆಯವ್ರು ಹೇಳಿದ್ದು, ಎಡ ಬಾಗಿಲಿಗೂ ಹಾಗೇ ಮಾಡಿಸಿದ್ದೆ, ಆದ್ರೆ ಫಲ ಹೆಚ್ಚು ಕಂಡದ್ದು ಬಲಕ್ಕೆ. ಎಪಾಕ್ಸಿ ದಪ್ಪ ನಿಲ್ತದೆ, ನೀರನ್ನು ಒಳಗೆ ಬಿಡುದು ಕಮ್ಮಿ. ಆದ್ರೆ ಬಿಸಿಲಿಗೆ ಆಗುದಿಲ್ಲ, ಮೇಲೆ ಎಂತ ಹೊಡೆಯದೆ ಬಿಟ್ರೆ ಹೊಳಪು ಹೋಗಿ ಸೀಮೆಸುಣ್ಣದ ಹಾಗೆ ಕೈಗೆ ಪುಡಿ ಹತ್ತುತದೆ, ಅದಕ್ಕೇ ಮೇಲಿಂದ ಪಿಯು ಬೇಕು. ಖರ್ಚು ಎಡ ಬಾಗಿಲಿನದ್ದಕ್ಕಿಂತ ಎಷ್ಟೋ ಪಾಲು ಜಾಸ್ತಿ, ಸಣ್ಣ ಪ್ಯಾಕ್ ಸಿಗ್ಲಿಕ್ಕೂ ಕಷ್ಟ. ಫಲಿತಾಂಶ ಹೇಳ್ಬೇಕಂದ್ರೆ ಎಡಕ್ಕೆ ಟಚ್‌ಅಪ್ ಆಗ್ತಾ ಆಗ್ತಾ ಇರುವಾಗ ಬಲಕ್ಕೆ ಬ್ರಷ್ ಮುಟ್ಟಿಸ್ಲಿಲ್ಲ, ಚಿಲಕ ಬಡಿಯುವ ಜಾಗ ಒಂದು ಬಿಟ್ಟು. ಅಲ್ಲಿ ಪೇಂಟ್ ಚಕ್ಕೆ ಎದ್ದು ಒಳಗೆ ತುಕ್ಕು ಹರಡಿದೆ, ಗಟ್ಟಿ ಪೇಂಟಿನ ದೋಷ ಅದು, ಒಡೆದ್ರೆ ಒಡೆದದ್ದೇ.

ಅಂದ ಹಾಗೆ ಬೋಟಿನ ಎಪಾಕ್ಸಿಯ ಹಾರ್ಡ್‌ನರಲ್ಲಿ ಒಂದು ಜಾತಿ ನಮ್ಮ ಗೇರುಬೀಜದ ಸಿಪ್ಪೆ ಎಣ್ಣೆಯಿಂದ ಮಾಡುದು, ತೇವದಲ್ಲೂ ಸೆಟ್ ಆಗ್ತದೆ ಅಂತ ಹಡಗಿನವ್ರಿಗೆ ಅದು ಇಷ್ಟ. ಹಿಂದೆ ಮರದ ದೋಣಿಗೆ ಅದೇ ಎಣ್ಣೆ ಹಸಿಯಾಗಿ ಬಳೀತಿದ್ರು. ಹಾಗಂತ ಹಸಿ ಎಣ್ಣೆ ತಂದು ಗೇಟಿಗೆ ಹಚ್ಲಿಕ್ಕೆ ಹೋಗ್ಬೇಡಿ, ಕೈಯೆಲ್ಲ ಸುಟ್ಟು ಬೊಬ್ಬೆ ಏಳ್ತದೆ.

ಜಿಂಕ್ ರಿಚ್ ಪ್ರೈಮರ್ ಬಗ್ಗೆ ಕೆಲವ್ರು ಹೇಳಿದ್ರು. ಒಳ್ಳೆಯದೇ, ಆದ್ರೆ ಜಿಂಕಿನ ಪುಡಿ ಬರೀ ಕಬ್ಬಿಣಕ್ಕೆ ನೇರ ತಾಗಿದ್ರೆ ಮಾತ್ರ ಕೆಲಸ ಮಾಡುದು, ಅದಕ್ಕೆ ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಮರಳಿನಂಥ ಕಾಳು ಹೊಡೆಯುದು) ಮಾಡಿ ಬೆಳ್ಳಿ ಹಾಗೆ ತೆಗೀಬೇಕು. ವೈರ್ ಬ್ರಷ್ ಉಜ್ಜಿದ ಹಳೆ ಗೇಟಿಗೆ ಹೊಡೆದ್ರೆ ದುಡ್ಡು ದಂಡ.

ಗ್ರಿಲ್ಲಿಗೆ ಹಾಕಿದ ರಸ್ಟ್ ಕನ್ವರ್ಟರ್ ಕತೆ ಚಿಕ್ಕದು. ಇದ್ರಲ್ಲಿ ಫಾಸ್ಫಾರಿಕ್ ಆಸಿಡ್ ಇಲ್ಲಾ ಟ್ಯಾನಿಕ್ ಆಸಿಡ್ ಇರ್ತದೆ, ಎಷ್ಟೋ ಡಬ್ಬಿಯಲ್ಲಿ ಎರಡೂ. ಹಚ್ಚಿ ಬಿಟ್ರೆ ಕೆಂಪು ತುಕ್ಕು ಕಣ್ಣೆದುರೇ ನೀಲಿ-ಕಪ್ಪಾಗ್ತದೆ. ಅಡಿಕೆ ಸುಲಿಯುವವ್ರಿಗೆ ಇದು ಹೊಸತಲ್ಲ, ಅಡಿಕೆಯ ಚೊಗರು ತಾಗಿ ಮೆಟ್ಟುಗತ್ತಿ ಕಪ್ಪಾಗುದು ಇದೇ ಲೆಕ್ಕದಲ್ಲಿ, ಟ್ಯಾನಿನ್ ಕಬ್ಬಿಣಕ್ಕೆ ಕೂಡಿಕೊಳ್ಳುದು. ಅಂಟಿ ಕೂತ ತೆಳು ತುಕ್ಕಿಗೆ, ಬ್ರಷ್ ಹೋಗದ ಸುರುಳಿ ಡಿಸೈನಿನ ಸಂದಿಗೆ ಇದು ನಿಜಕ್ಕೂ ಉಪಕಾರ. ಪದರ ಪದರ ಏಳುವ ದಪ್ಪ ತುಕ್ಕಿಗೆ ಹಚ್ಚಿದ್ರೆ ಮೇಲೆ ಮಾತ್ರ ಕಪ್ಪು, ಅಡಿಯಲ್ಲಿ ಉಪ್ಪು ಹಾಗೇ. ಪಡುಬದಿ ಗ್ರಿಲ್ಲಲ್ಲಿ ಒಂದೇ ಮಳೆಗಾಲಕ್ಕೆ ಆ ಕಪ್ಪಿನ ಮಧ್ಯೆ ಕಂದು ಚುಕ್ಕಿ ಬಂತು, ಮೂಡುಬದಿ ಗ್ರಿಲ್ಲಲ್ಲಿ ಇನ್ನೂ ಬರ್ಲಿಲ್ಲ, ಹಚ್ಚಿದ್ದು ಒಂದೇ ಡಬ್ಬಿ. ಮತ್ತೆ ಇದು ಪೇಂಟ್ ಅಲ್ಲ, ಮೇಲಿಂದ ಪ್ರೈಮರ್ ಪೇಂಟ್ ಬೇಕೇ ಬೇಕು.

ಇನ್ನು ಜಿಂಕು, ಇದ್ರಲ್ಲೇ ಹೆಚ್ಚು ಗೊಂದಲ ಇರುದು. ಇಲ್ಲಿ ವೆಲ್ಡಿಂಗ್ ಶಾಪಲ್ಲಿ "ಜಿಐ" ಅಂತ ಕೊಡುದು ಹೆಚ್ಚಾಗಿ ಜಿಪಿ ಪೈಪ್, ಅಂದ್ರೆ ಮೊದ್ಲೇ ಜಿಂಕ್ ಹಾಕಿದ ಶೀಟನ್ನು ಸುತ್ತಿ ಮಾಡಿದ ಪೈಪ್. 120 ಜಿಎಸ್ಎಂ ಅಂತ ಬರೆದಿದ್ರೆ ಅದು ಒಂದು ಚದರ ಮೀಟರ್ ಶೀಟಿನ ಎರಡೂ ಬದಿ ಸೇರಿ 120 ಗ್ರಾಂ, ಒಂದು ಬದಿಗೆ ಎಂಟೂವರೆ ಮೈಕ್ರಾನ್ ಹತ್ತಿರ ಅಷ್ಟೆ. ಆಮೇಲೆ ಅದನ್ನು ಕಟ್ ಮಾಡಿ ವೆಲ್ಡ್ ಮಾಡುವಾಗ ಜಾಯಿಂಟಿನ ಜಿಂಕ್ ಸುಟ್ಟು ಹೊಗೆ ಆಗಿ ಹೋಗ್ತದೆ (ಆ ಹೊಗೆ ಕುಡಿದ್ರೆ ವೆಲ್ಡರಿಗೆ ರಾತ್ರಿ ಜ್ವರ ಬರ್ತದೆ, ಅದೂ ಗೊತ್ತಿರ್ಲಿ). ಮೇಲೆ ಸಿಲ್ವರ್ ಸ್ಪ್ರೇ ಹೊಡೆದು ಕೊಡ್ತಾರೆ, ನೋಡ್ಲಿಕ್ಕೆ ಒಂದೇ ಹಾಗೆ ಕಾಣ್ತದೆ. ನಮ್ಮ ಹಿಂಬದಿಯ ಸಣ್ಣ ಗೇಟು ಹೀಗೇ ಜಿಐ ಅಂತ ಹೇಳಿ ಕೊಟ್ಟದ್ದು, ತುಕ್ಕು ಹಿಡಿದದ್ದು ಪೂರ್ತಿ ಜಾಯಿಂಟಲ್ಲೇ.

ರೇಲಿಂಗಿಗೆ ಮಾಡಿಸಿದ್ದು ಹಾಟ್ ಡಿಪ್. ಮೊದ್ಲು ಎಂಎಸ್ (ಮೈಲ್ಡ್ ಸ್ಟೀಲ್, ಜಿಂಕ್ ಇಲ್ಲದ ಸಾದಾ) ಕಬ್ಬಿಣದಲ್ಲಿ ತುಂಡು ತುಂಡಾಗಿ ಪೂರ್ತಿ ವೆಲ್ಡ್ ಮಾಡಿ ಮುಗಿಸಿ, ಆಮೇಲೆ ಆಸಿಡಲ್ಲಿ ತೊಳೆದು, ಸುಮಾರು 450 ಡಿಗ್ರಿಯ ಕರಗಿದ ಜಿಂಕಿಗೆ ಅದ್ದುದು. ಪೈಪಿನ ಒಳಗೂ ಹೋಗ್ತದೆ, ಜಾಯಿಂಟಿಗೂ ಹೋಗ್ತದೆ. ಹಾಟ್ ಡಿಪ್ಪಿನ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್ ಐಎಸ್ಒ 1461 ಪ್ರಕಾರ 3ರಿಂದ 6 ಮಿಲಿಮೀಟರ್ ದಪ್ಪದ ಕಬ್ಬಿಣಕ್ಕೆ ಸರಾಸರಿ 70 ಮೈಕ್ರಾನ್ ಬರ್ಬೇಕು, ಎಂಟೂವರೆ ಎಲ್ಲಿ 70 ಎಲ್ಲಿ. ಐಎಸ್ಒ 9223 ಅನ್ನುವ ಇನ್ನೊಂದು ಸ್ಟ್ಯಾಂಡರ್ಡಿನ ಸಿ5 ವರ್ಗದ, ಅಂದ್ರೆ ತುಂಬಾ ಜೋರು ತುಕ್ಕು ಹಿಡಿಸುವ ಗಾಳಿಯಲ್ಲಿ ಜಿಂಕ್ ವರ್ಷಕ್ಕೆ 4.2ರಿಂದ 8.4 ಮೈಕ್ರಾನ್ ಸವೀತದೆ, ಅದೇ ಗಾಳಿಯಲ್ಲಿ ಬರೀ ಕಬ್ಬಿಣ 80ರಿಂದ 200 ಮೈಕ್ರಾನ್. ನಮ್ಮ ಗಾಳಿ ಅಷ್ಟು ಕೆಟ್ಟದು ಅಂತಾನೇ ಇಟ್ಕೊಂಡ್ರೂ 70 ಮೈಕ್ರಾನ್ ಮುಗೀಲಿಕ್ಕೆ ಎಂಟು ವರ್ಷಕ್ಕಿಂತ ಹೆಚ್ಚು ಬೇಕು, ಜಿಪಿ ಪೈಪಿನದ್ದು ಒಂದೆರಡು ವರ್ಷದಲ್ಲೇ ಮುಗೀಬಹುದು. ಮತ್ತೆ ಗೀರು ಬಿದ್ರೂ ಪಕ್ಕದ ಜಿಂಕ್ ತಾನು ಸವೆದು ಕಬ್ಬಿಣ ಉಳಿಸ್ತದೆ, ಸಾದಾ ಪೇಂಟಿಗೆ ಈ ಗುಣ ಇಲ್ಲ. ರೇಲಿಂಗಿನ ಮೇಲೆ ಏಣಿ ಉಜ್ಜಿ ಗೆರೆ ಬಿದ್ದ ಜಾಗ ಇನ್ನೂ ಕೆಂಪಾಗ್ಲಿಲ್ಲ.

ತೊಂದರೆ ಇಲ್ಲ ಅಂತಲ್ಲ. ಪ್ಲಾಂಟ್ ಎಲ್ಲ ಊರಲ್ಲೂ ಇರುದಿಲ್ಲ, ಲಾರಿಗೆ ಹಾಕಿ ಕಳಿಸ್ಬೇಕು, ಕೆಜಿ ಲೆಕ್ಕ, ಅವ್ರ ತೊಟ್ಟಿಗಿಂತ ಉದ್ದ ಇದ್ರೆ ತುಂಡು ಮಾಡ್ಬೇಕು. ಪೈಪಿನ ಎರಡೂ ತುದಿ ವೆಲ್ಡ್ ಮಾಡಿ ಮುಚ್ಚಿದ್ರೆ ಅವ್ರು ಮುಟ್ಟುದೇ ಇಲ್ಲ, ಒಳಗಿನ ತೇವ ಆವಿಯಾಗಿ ಸಿಡೀತದೆ, ತೂತು ಬಿಡ್ಲೇಬೇಕು, ಇದನ್ನು ವೆಲ್ಡರಿಗೆ ಮೊದ್ಲೇ ಹೇಳಿ. ತೆಳು ಶೀಟು ಬಿಸಿಗೆ ಸೊಟ್ಟ ಆಗ್ಬಹುದು. ಬಣ್ಣ ಬೂದಿ, ಅಲ್ಲಲ್ಲಿ ಒರಟು, ಚಂದ ಬೇಕಾದವ್ರಿಗೆ ಆಗುದಿಲ್ಲ. ಪೇಂಟ್ ಹೊಡೀತೇನೆ ಅಂದ್ರೆ ಸಾದಾ ಎನಾಮಲ್ ನೇರ ಹೊಡೀಬೇಡಿ, ಜಿಂಕಿನ ಮೇಲೆ ಅದು ಒಳಗಿಂದ ಸಾಬೂನಿನ ಹಾಗೆ ಆಗಿ ಹಾಳೆ ಹಾಳೆ ಎದ್ದು ಬರ್ತದೆ, ಎಚಿಂಗ್ ಪ್ರೈಮರ್ (ಜಿಂಕಿಗೆ ಕಚ್ಚಿ ಕೂರುವ ಪ್ರೈಮರ್) ಹೊಡೆದೇ ಮುಂದುವರೀಬೇಕು.

ವೇಸ್ಟ್ ಆಯಿಲ್ ಬಗ್ಗೆ ಅಪ್ಪನ ಎದುರು ಹೇಳುವ ಹಾಗಿಲ್ಲ, ಇಲ್ಲಿ ಹೇಳ್ತೇನೆ. ತುಕ್ಕು ನಿಲ್ಲಿಸುದು ಹೌದು, ಆದ್ರೆ ಜೋರು ಮಳೆ ಎರಡು ಬಂದ್ರೆ ತೊಳೆದು ಹೋಯ್ತು, ಎಲ್ಲಿಗೆ ಹೋಯ್ತು ಅಂದ್ರೆ ಬಾವಿ ಕಟ್ಟೆಯಿಂದ ಮಣ್ಣಿಗೆ, ಅಲ್ಲಿಂದ ಕುಡಿಯುವ ನೀರಿಗೆ. ಈಗ ಆ ಕಂಬಕ್ಕೂ ಎಪಾಕ್ಸಿ ಹೊಡೆದಾಯ್ತು, ಅಪ್ಪ ಇನ್ನೂ ರಾಟೆಗೆ ಗ್ರೀಸ್ ಹಚ್ತಾರೆ, ಅಷ್ಟು ಪರವಾಗಿಲ್ಲ.

ಸ್ಟೇನ್‌ಲೆಸ್ ಸ್ಟೀಲ್ ಹಾಕಿ ಮುಗಿಸಿ ಅನ್ನುವವ್ರಿಗೂ ಒಂದು ಮಾತು. ಅಗ್ಗದ 202 ಗ್ರೇಡಲ್ಲಿ ನಿಕ್ಕಲ್ ಕಮ್ಮಿ, ಮ್ಯಾಂಗನೀಸ್ ಜಾಸ್ತಿ, ಸಮುದ್ರದ ಬದಿ ಬೇಗ ಚಾ ಚೆಲ್ಲಿದ ಹಾಗೆ ಕಂದು ಕಲೆ ಹಿಡೀತದೆ. 304 ಪರವಾಗಿಲ್ಲ, ಆಗಾಗ ತೊಳೀಬೇಕು. ನೆಮ್ಮದಿ ಬೇಕಂದ್ರೆ ಮಾಲಿಬ್ಡಿನಂ ಇರುವ 316, ಅದ್ರ ರೇಟು ಕೇಳಿ ಆಮೇಲೆ ಮಾತಾಡುವ. ಇನ್ನು ಕೆಲವ್ರು ಬೋಟಿನ ಅಡಿಗೆ ಕಟ್ಟುವ ಜಿಂಕ್ ಗಟ್ಟಿಯನ್ನು ಗೇಟಿಗೂ ಕಟ್ಟಿ ಅಂತಾರೆ, ಅದು ನೀರೊಳಗೆ ಮುಳುಗಿದ್ರೆ ಮಾತ್ರ ಕೆಲಸ, ಗಾಳಿಯಲ್ಲಿ ನೇತಾಡಿಸಿದ್ರೆ ತೂಕ ಮಾತ್ರ. "ಹಿಂದಿನವ್ರ ಕಬ್ಬಿಣಕ್ಕೆ ತುಕ್ಕೇ ಇರ್ಲಿಲ್ಲ, ಕೊಡಚಾದ್ರಿಯ ಕಬ್ಬಿಣದ ಕಂಬ ನೋಡಿ, ದೆಹಲಿಯ ಕಂಬ ನೋಡಿ" ಅನ್ನುವವ್ರೂ ಇದ್ದಾರೆ. ದೆಹಲಿ ಕಂಬದ ಗುಟ್ಟನ್ನು ಐಐಟಿ ಕಾನ್ಪುರದಲ್ಲಿದ್ದ ಲೋಹ ವಿಜ್ಞಾನಿ ಆರ್. ಬಾಲಸುಬ್ರಮಣ್ಯಂ ಬಿಡಿಸಿ ಹೇಳಿದ್ದಾರೆ, ಆ ಕಬ್ಬಿಣದಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಅದ್ರಿಂದ ಮೇಲೆ ಗಟ್ಟಿ ಫಾಸ್ಫೇಟ್ ಪದರ ಕೂತಿದೆ. ಈಗಿನ ಸ್ಟೀಲಲ್ಲಿ ರಂಜಕ ಬೇಕಂತಲೇ ಕಮ್ಮಿ ಇಡ್ತಾರೆ, ಇಲ್ಲದಿದ್ರೆ ಅದು ಮುರುಕಲಾಗ್ತದೆ, ಹಾಗಾಗಿ ಆ ಕಂಬ ತೋರಿಸಿ ನಿಮ್ಮ ಗೇಟಿಗೆ ಪೇಂಟ್ ಬೇಡ ಅಂತ ಹೇಳ್ಲಿಕ್ಕಾಗುದಿಲ್ಲ.

ಈಗ ಯಾರಾದ್ರೂ ಕೇಳಿದ್ರೆ ನಾನು ಹೇಳುದು ಹೀಗೆ. ಹೊಸತು ಮಾಡಿಸುದಾದ್ರೆ, ಅದೂ ಏಣಿ ಇಟ್ಟು ಹತ್ತಬೇಕಾದ ಜಾಗಕ್ಕಾದ್ರೆ, ಕಣ್ಣು ಮುಚ್ಚಿ ಹಾಟ್ ಡಿಪ್. ಈಗಾಗ್ಲೇ ನಿಂತ ಗೇಟಿಗೆ ಎಪಾಕ್ಸಿ ಪಿಯು. ಮಾಡಿನ ಅಡಿಯ ಗ್ರಿಲ್ಲಿಗೆ ಯಾವುದು ಹೊಡೆದ್ರೂ ತಿಂಗಳಿಗೊಮ್ಮೆ ಪೈಪಲ್ಲಿ ಸಿಹಿ ನೀರು ಬಿಡಿ, ಇದಕ್ಕೆ ಪೈಸೆ ಖರ್ಚಿಲ್ಲ, ಆದ್ರೆ ನಮ್ಮ ಗ್ರಿಲ್ಲಿಗೆ ಡಬ್ಬಿಗಳಿಗಿಂತ ಹೆಚ್ಚು ಫಲ ಕೊಟ್ಟದ್ದು ಇದೇ. ಗೇಟಿನ ಕಂಬ ಕಾಂಕ್ರೀಟಿಗೆ ಇಳಿಯುವ ಜಾಗ ಮಾತ್ರ ಬೇರೆ ನೋಡ್ಕೊಳ್ಳಿ, ಅಲ್ಲಿ ನೀರು ನಿಂತು ಕಬ್ಬಿಣ ತುಕ್ಕಾಗಿ ಉಬ್ಬಿ ಕಾಂಕ್ರೀಟನ್ನೇ ಸೀಳ್ತದೆ. ಕಂಬದ ಸುತ್ತ ಕಾಂಕ್ರೀಟನ್ನು ಸ್ವಲ್ಪ ಎತ್ತರಿಸಿ ಹೊರಗೆ ಇಳಿಜಾರು ಕೊಟ್ಟು, ಸಂದಿಗೆ ಪಿಯು ಸೀಲಂಟ್ ತುಂಬಿಸಿ. ಬೋಲ್ಟ್ ನಟ್ ತರುವಾಗಲೂ ಹಾಟ್ ಡಿಪ್ ಮಾಡಿದ್ದೇ ಕೇಳಿ ತನ್ನಿ, ಹೊಳೆಯುವ ಹಳದಿ ಬಣ್ಣದ್ದರಲ್ಲಿ ಜಿಂಕ್ ಬರೀ ಹೆಸರಿಗೆ, ಮೊದಲ ಮಳೆಗೇ ರೇಲಿಂಗ್ ಮೇಲೆ ಕೆಂಪು ಗೆರೆ ಇಳಿಸಿಬಿಡ್ತದೆ.